ಬಣ್ಣ ಕೈಕೊಟ್ಟಿತು, ಕಬ್ಬಿಣ ಕೈಹಿಡಿಯಿತು

ಕಿರ್ಲೋಸ್ಕರ್ ಎಂದರೇನು ಎಂದು ನಮ್ಮೂರಿನ ಹೊಳೆದಂಡೆಯಲ್ಲಿ ಯಾರನ್ನು ಕೇಳಿದರೂ ಪಂಪ್‌ಸೆಟ್ಟು ಎನ್ನುತ್ತಾರೆ. ವರದಾ ನದಿ ತುಂಗಭದ್ರೆಯನ್ನು ಕೂಡುವ ಗಳಗನಾಥದಲ್ಲಿ ಆ ಹೆಸರಿನ ಎಂಜಿನ್ನಿನ ಸದ್ದು ಕೇಳದೆ ಬೆಳೆದ ಹುಡುಗರಿಲ್ಲ. ಅದು ಒಂದು ಮನೆತನದ ಹೆಸರು, ಆ ಮನೆತನದ ಹಿರಿಯರು ನಮ್ಮ ಬೆಳಗಾವಿ ಜಿಲ್ಲೆಯಲ್ಲೇ ಹುಟ್ಟಿದವರು, ಅವರಿಗೆ ಕೆಲವು ಬಣ್ಣಗಳು ಸರಿಯಾಗಿ ತಿಳಿಯುತ್ತಿರಲಿಲ್ಲ ಎಂಬುದೆಲ್ಲ ನನಗೆ ಗೊತ್ತಾದದ್ದು ಬಿ.ಇ. ಎರಡನೇ ವರ್ಷದಲ್ಲಿ. ಗೊತ್ತಾದಾಗ ಅದು ನನಗೆ ಬರೀ ಸಾಮಾನ್ಯ ಜ್ಞಾನದ ವಿಷಯವಾಗಿರಲಿಲ್ಲ. ಯಾಕೆಂದು ಮುಂದೆ ಹೇಳುತ್ತೇನೆ.

ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರ ಜೂನ್ 20ರಂದು, ಗುರ್ಲಹೊಸೂರಿನಲ್ಲಿ. ನಮ್ಮೂರಿನ ಹೆಸರನ್ನೇ ಕಾವ್ಯನಾಮ ಮಾಡಿಕೊಂಡ ಕಾದಂಬರಿಕಾರ ಗಳಗನಾಥರು, ಅಂದರೆ ವೆಂಕಟೇಶ ತಿರಕೋ ಕುಲಕರ್ಣಿಯವರು ಹುಟ್ಟಿದ್ದೂ ಅದೇ ವರ್ಷ. ಒಬ್ಬರು ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಕನ್ನಡ ಓದುವವರನ್ನು ಹುಡುಕಿದರು. ಇನ್ನೊಬ್ಬರು ಕಬ್ಬಿಣದ ರಂಟೆ ಮಾಡಿಟ್ಟುಕೊಂಡು ಕೊಳ್ಳುವ ರೈತನಿಗಾಗಿ ಕಾದರು. ಇಬ್ಬರ ಸರಕಿಗೂ ಆಗ ಸಿದ್ಧವಾದ ಗಿರಾಕಿ ಇರಲಿಲ್ಲ.

ಬಾಲಕ ಲಕ್ಷ್ಮಣನಿಗೆ ಎರಡು ಹುಚ್ಚು. ಒಂದು ಯಂತ್ರ, ಇನ್ನೊಂದು ಚಿತ್ರ. ಮೊದಲು ಗೆದ್ದದ್ದು ಚಿತ್ರ. ತಂದೆಗೆ ಇಷ್ಟವಿರಲಿಲ್ಲ. ಆದರೆ ಅಣ್ಣ ರಾಮುಅಣ್ಣ ಬೆನ್ನಿಗೆ ನಿಂತರು. 1885ರಲ್ಲಿ, ಹದಿನಾರರ ವಯಸ್ಸಿನಲ್ಲಿ, ಲಕ್ಷ್ಮಣರಾವ್ ಮುಂಬಯಿಯ ಜೆ.ಜೆ. ಕಲಾಶಾಲೆ ಸೇರಿದರು. ಎರಡು ವರ್ಷ ಕಲಿತ ಮೇಲೆ ಅವರಿಗೆ ಭಾಗಶಃ ಬಣ್ಣಗುರುಡು ಇದೆ ಎಂಬುದು ತಿಳಿಯಿತು. ಚಿತ್ರಕಾರನಾಗಲು ಮನೆಯವರ ಮಾತು ಮೀರಿ ಊರು ಬಿಟ್ಟು ಬಂದ ಹುಡುಗನಿಗೆ ಬಣ್ಣವೇ ತಿಳಿಯುವುದಿಲ್ಲ ಎಂದರೆ ಹೇಗಾಗಿರಬೇಡ!

ಈಗ ನನ್ನ ವಿಷಯ. ನಾನು ಮೆಕ್ಯಾನಿಕಲ್ ವಿದ್ಯಾರ್ಥಿ. ಪಿಯುಸಿಯಿಂದಲೂ ನನಗಿದ್ದದ್ದು ಒಂದೇ ಗುರಿ, ರೈಲ್ವೆಯಲ್ಲಿ ಸಹಾಯಕ ಲೋಕೋ ಪೈಲಟ್ ಆಗುವುದು. ಹಳೆಯ ಪ್ರಶ್ನೆಪತ್ರಿಕೆಗಳ ಪುಸ್ತಕ ತರಿಸಿಕೊಂಡು ಓದುತ್ತಿದ್ದೆ. ಕಾಲೇಜಿನಲ್ಲಿ ನಡೆದ ಆರೋಗ್ಯ ತಪಾಸಣೆಯಲ್ಲಿ ವೈದ್ಯರು ಬಣ್ಣದ ಚುಕ್ಕಿಗಳಿರುವ ಪುಸ್ತಕ ಮುಂದಿಟ್ಟರು. ನನ್ನ ಹಿಂದೆ ನಿಂತಿದ್ದ ಗೆಳೆಯರಿಗೆ ಚುಕ್ಕಿಗಳ ನಡುವೆ ಅಂಕಿ ಕಾಣಿಸಿತು. ನನಗೆ ಹಲವು ಪುಟಗಳಲ್ಲಿ ಬರೀ ಚುಕ್ಕಿ ಕಾಣಿಸಿತು. ಕೆಂಪು ಹಸಿರಿನ ವ್ಯತ್ಯಾಸ ತಿಳಿಯುವ ಶಕ್ತಿ ಕಡಿಮೆ ಎಂದು ಬರೆದುಕೊಟ್ಟರು. ರೈಲು ಓಡಿಸುವವರಿಗೆ ಸಿಗ್ನಲ್ಲೇ ಜೀವ. ಆ ಹುದ್ದೆಯ ವೈದ್ಯಕೀಯ ಪರೀಕ್ಷೆಯಲ್ಲಿ ಬಣ್ಣ ಗುರುತಿಸುವುದು ಕಡ್ಡಾಯ. ನಿಯಮ ಸರಿಯಾಗಿಯೇ ಇದೆ. ಆದರೆ ಅಂದು ಮನೆಗೆ ಬಂದು ಅವ್ವನಿಗೆ ಹೇಗೆ ಹೇಳಬೇಕೆಂದು ತಿಳಿಯಲಿಲ್ಲ.

ಬಣ್ಣಗುರುಡಿನ ಬಗ್ಗೆ ಹುಡುಕುತ್ತಾ ಹೋದಾಗ ಮೊದಲು ಸಿಕ್ಕವರು ರಸಾಯನಶಾಸ್ತ್ರದ ಪಾಠದಲ್ಲಿ ಬರುವ ಜಾನ್ ಡಾಲ್ಟನ್. ಪರಮಾಣು ಸಿದ್ಧಾಂತ ಕೊಟ್ಟ ಅವರು 1794ರಲ್ಲೇ ತಮ್ಮ ಕಣ್ಣಿನ ಈ ಕೊರತೆಯ ಬಗ್ಗೆ ಪ್ರಬಂಧ ಮಂಡಿಸಿದ್ದರು. ಆಮೇಲೆ ಸಿಕ್ಕವರು ಲಕ್ಷ್ಮಣರಾವ್. ಡಾಲ್ಟನ್ ದೂರದವರು ಅನ್ನಿಸಿತು. ಇವರು ಪಕ್ಕದ ಮನೆಯವರು ಅನ್ನಿಸಿತು.

ಲಕ್ಷ್ಮಣರಾವ್ ಊರಿಗೆ ಮರಳಲಿಲ್ಲ. ಬಣ್ಣ ಬಿಟ್ಟರು, ಗೆರೆ ಬಿಡಲಿಲ್ಲ. ಯಂತ್ರಗಳ ನಕ್ಷೆ ಬರೆಯಲು ಬಣ್ಣ ಬೇಕಿಲ್ಲ, ಅಳತೆ ಬೇಕು. ಅದನ್ನು ಎಷ್ಟು ಚೆನ್ನಾಗಿ ಕಲಿತರೆಂದರೆ ಮುಂಬಯಿಯ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅದೇ ವಿಷಯದ ಶಿಕ್ಷಕರಾದರು. ಅವರ ಬಳಿ ಎಂಜಿನಿಯರಿಂಗ್ ಪದವಿ ಇರಲಿಲ್ಲ. ಪಾಠ ಮುಗಿದ ಮೇಲೆ ಸಂಸ್ಥೆಯ ವರ್ಕ್‌ಶಾಪಿಗೆ ಹೋಗಿ ಯಂತ್ರಗಳನ್ನು ಕೈಯಾರೆ ಮುಟ್ಟಿ ಕಲಿತರು. ನಕ್ಷೆ ಕಲಿಸುವ ಮೇಷ್ಟ್ರು ತಾವೇ ಮತ್ತೆ ವಿದ್ಯಾರ್ಥಿಯಾದರು.

ಆಗ ಮುಂಬಯಿಯಲ್ಲಿ ಸೈಕಲ್ ಹೊಸ ಸೋಜಿಗ. ಲಕ್ಷ್ಮಣರಾವ್ ತಾವೂ ಕಲಿತರು. ಅಣ್ಣನಿಗೆ ಬೆಳಗಾವಿಗೆ ಸೈಕಲ್ ಕಳಿಸತೊಡಗಿದರು. ಅಣ್ಣ ಮಾರುವುದರ ಜೊತೆಗೆ ಹಣ ಪಡೆದು ಸವಾರಿಯನ್ನೂ ಕಲಿಸುತ್ತಿದ್ದರು. 1888ರಲ್ಲಿ ಶುರುವಾದ ಆ ಸೈಕಲ್ ವ್ಯಾಪಾರವೇ ಕಿರ್ಲೋಸ್ಕರ್ ಬ್ರದರ್ಸ್‌ನ ಮೂಲ. ಬೆಳಗಾವಿಯಲ್ಲಿ ಕಿರ್ಲೋಸ್ಕರ್ ರಸ್ತೆ ಇವತ್ತಿಗೂ ಇದೆ.

ಮುಂದೆ ಸಂಸ್ಥೆಯಲ್ಲಿ ಬಡ್ತಿಯ ಸರದಿ ಬಂತು. ಅದು ಅವರಿಗೆ ಸಿಗಲಿಲ್ಲ, ಒಬ್ಬ ಆಂಗ್ಲೋ ಇಂಡಿಯನ್ನರಿಗೆ ಹೋಯಿತು. ಲಕ್ಷ್ಮಣರಾವ್ ರಾಜೀನಾಮೆ ಕೊಟ್ಟು ಬೆಳಗಾವಿಗೆ ಬಂದರು. ಅಲ್ಲಿ ಸಣ್ಣ ಕಾರ್ಖಾನೆ ಹಾಕಿ ಮೊದಲು ದನಕರುಗಳ ಮೇವು ಕತ್ತರಿಸುವ ಯಂತ್ರ ಮಾಡಿದರು. ಬಳಿಕ ಕಬ್ಬಿಣದ ರಂಟೆ ಮಾಡಿದರು. ಮರದ ರಂಟೆ ಮಣ್ಣನ್ನು ಗೀರುತ್ತದೆ, ಕಬ್ಬಿಣದ್ದು ಆಳಕ್ಕಿಳಿದು ಮಗುಚುತ್ತದೆ. ಆದರೆ ಕಬ್ಬಿಣ ತಾಕಿದರೆ ಭೂಮಿಗೆ ವಿಷ ಏರುತ್ತದೆ ಎಂದು ರೈತರು ಹೆದರಿದರು. ಮೊದಲ ರಂಟೆ ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಒಂದು ಸಂದರ್ಶನದ ಫಲಿತಾಂಶಕ್ಕೆ ಎರಡು ವಾರ ಕಾಯಲು ಒದ್ದಾಡುವ ನಮಗೆ ಈ ಎರಡು ವರ್ಷದ ತೂಕ ಬೇಗ ತಿಳಿಯುವುದಿಲ್ಲ.

ನನಗೆ ಅದು ಸ್ವಲ್ಪ ತಿಳಿದದ್ದು ಒಂದು ಹಳೆಯ ಕಾರಿನಿಂದ. ನಮ್ಮ ದೊಡ್ಡಪ್ಪನ ಪ್ರೀಮಿಯರ್ ಪದ್ಮಿನಿ ಹಿತ್ತಲಿನಲ್ಲಿ ವರ್ಷಗಟ್ಟಲೆ ನಿಂತಿತ್ತು. ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆ ಇಡುತ್ತಿದ್ದವು. ಗುಜರಿಯವರು ಬಂದು ತೂಕದ ಲೆಕ್ಕದಲ್ಲಿ ದರ ಹೇಳಿ ಹೋಗಿದ್ದರು. ಒಂದು ವರ್ಷ ಕೊಡಿ ಎಂದು ದೊಡ್ಡಪ್ಪನನ್ನು ಕೇಳಿಕೊಂಡೆ. ರೈಲಿನ ಪುಸ್ತಕಗಳನ್ನು ಕಟ್ಟಿಟ್ಟ ಮೇಲೆ ಕೈಗೆ ಏನಾದರೂ ಕೆಲಸ ಬೇಕಿತ್ತು.

ಎಂಜಿನ್ ಜಾಮ್ ಆಗಿತ್ತು. ಸ್ಪಾರ್ಕ್ ಪ್ಲಗ್ ಬಿಚ್ಚಿ ನಾಲ್ಕೂ ಸಿಲಿಂಡರಿಗೆ ಡೀಸೆಲ್, ಸೀಮೆಎಣ್ಣೆ ಬೆರೆಸಿ ಹಾಕಿ ಎಂಟು ದಿನ ಬಿಟ್ಟೆವು. ಆಮೇಲೆ ಕ್ರ್ಯಾಂಕಿನ ನಟ್ಟಿಗೆ ಪಾನಾ ಹಾಕಿ ತುಸು ತುಸುವೇ ಹಿಂದೆ ಮುಂದೆ ಆಡಿಸಿದಾಗ ಪಿಸ್ಟನ್ ಸಡಿಲಾಯಿತು. ಕಾರ್ಬುರೇಟರ್ ಬಿಚ್ಚಿ ತೊಳೆದೆವು. ಕಷ್ಟ ಬಂದದ್ದು ವೈರಿಂಗಿನಲ್ಲಿ. ವೈರುಗಳನ್ನು ಬಣ್ಣದಿಂದ ಗುರುತಿಸುವುದು ರೂಢಿ. ನನಗೆ ಕೆಂಪು, ಕಂದು, ಹಸಿರು ಮೂರೂ ಒಂದೇ ಮನೆಯ ಮಕ್ಕಳು. ಅದಕ್ಕೆ ಬೇರೆ ದಾರಿ ಮಾಡಿದೆ. ಹನ್ನೆರಡು ವೋಲ್ಟಿನ ಒಂದು ಬಲ್ಬಿನಿಂದ ಟೆಸ್ಟ್ ಲ್ಯಾಂಪ್ ಮಾಡಿಕೊಂಡು, ಒಂದೊಂದೇ ವೈರು ಎಲ್ಲಿಂದ ಹೊರಟು ಎಲ್ಲಿಗೆ ಮುಟ್ಟುತ್ತದೆ ಎಂದು ಪರೀಕ್ಷಿಸಿ, ಎರಡೂ ತುದಿಗೆ ಅಂಕಿ ಬರೆದ ಚೀಟಿ ಕಟ್ಟಿದೆ. ಕೊನೆಗೆ ಇಡೀ ನಕ್ಷೆಯನ್ನು ಡ್ರಾಯಿಂಗ್ ಶೀಟಿನಲ್ಲಿ ಕಪ್ಪು ಪೆನ್ಸಿಲಿನಿಂದ ಬರೆದೆ. ಬಣ್ಣ ಬಿಟ್ಟು ಗೆರೆ ಹಿಡಿದ ಆ ಮುಂಬಯಿಯ ಮೇಷ್ಟ್ರ ನೆನಪು ಬಂತು. ಈಗ ಆ ಕಾರಿನ ವೈರಿಂಗನ್ನು ಬಣ್ಣ ಚೆನ್ನಾಗಿ ಕಾಣುವವರೂ ನನ್ನ ಚೀಟಿ ನೋಡಿಯೇ ಅರ್ಥಮಾಡಿಕೊಳ್ಳಬಹುದು.

ಮತ್ತೆ ಲಕ್ಷ್ಮಣರಾವ್ ಕಥೆಗೆ. ರಂಟೆಗೆ ಗಿರಾಕಿ ಕುದುರುವ ಹೊತ್ತಿಗೆ ಬೆಳಗಾವಿಯಲ್ಲಿ ಹೊಸ ಬಡಾವಣೆಗಾಗಿ ಅವರ ಕಾರ್ಖಾನೆಯ ಜಾಗ ತೆರವು ಮಾಡಬೇಕಾಯಿತು. ಆಗ ಕೈಹಿಡಿದವರು ಔಂಧ್ ಸಂಸ್ಥಾನದ ರಾಜರು. ಬಡ್ಡಿಯಿಲ್ಲದೆ ಹತ್ತು ಸಾವಿರ ರೂಪಾಯಿ ಸಾಲ ಕೊಟ್ಟು, ಕುಂಡಲ್ ರೋಡ್ ರೈಲು ನಿಲ್ದಾಣದ ಹತ್ತಿರ 32 ಎಕರೆ ಜಾಗ ತೋರಿಸಿದರು. ಪಾಪಾಸುಕಳ್ಳಿ ಬೆಳೆದ, ನಾಗರಹಾವು ತುಂಬಿದ ಬರಡು ನೆಲ ಅದು. 1910ರಲ್ಲಿ 25 ಮಂದಿ ಕೆಲಸಗಾರರು ಮತ್ತು ಅವರ ಕುಟುಂಬಗಳೊಂದಿಗೆ ಅಲ್ಲಿಗೆ ಹೋದರು. ಇಂದಿನ ಸಾಂಗ್ಲಿ ಜಿಲ್ಲೆಯ ಕಿರ್ಲೋಸ್ಕರವಾಡಿ ಹುಟ್ಟಿದ್ದು ಹಾಗೆ. ಅಲ್ಲಿ ಅವರು ಅಸ್ಪೃಶ್ಯತೆಗೆ ಜಾಗ ಕೊಡಲಿಲ್ಲ. ಜೈಲು ಶಿಕ್ಷೆ ಅನುಭವಿಸಿ ಬಂದವರನ್ನು ನಂಬಿ ರಾತ್ರಿ ಕಾವಲಿಗೆ ಇಟ್ಟುಕೊಂಡರು. ಮೊದಲ ಮಹಾಯುದ್ಧದ ಕಾಲದಲ್ಲಿ ಕಬ್ಬಿಣ, ಕಲ್ಲಿದ್ದಲು ಸಿಗದೆ ಕಷ್ಟಪಟ್ಟರೂ ಕಾರ್ಖಾನೆ ಉಳಿಯಿತು.

ಇಂಥವರ ಬದುಕನ್ನು ನಮಗೆ ಒಬ್ಬಂಟಿ ಸಾಹಸದ ಕಥೆಯಾಗಿ ಹೇಳುವುದೇ ಹೆಚ್ಚು. ಆದರೆ ಇಲ್ಲಿ ಓದಿಗೆ ಒತ್ತಾಸೆಯಾದ ಅಣ್ಣನಿದ್ದಾರೆ, ಸಾಲ ಕೊಟ್ಟ ರಾಜರಿದ್ದಾರೆ, ಹಾವಿನ ನೆಲಕ್ಕೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಂದ ಕೆಲಸಗಾರರಿದ್ದಾರೆ. ದಾರಿ ಮುಚ್ಚಿದಾಗ ಲಕ್ಷ್ಮಣರಾವ್ ಯಾರಲ್ಲೂ ಕೇಳದೆ ಒಳಗೊಳಗೇ ಕೊರಗುತ್ತಾ ಕೂತಿದ್ದರೆ ಇವರಾರೂ ಅವರಿಗೆ ಸಿಗುತ್ತಿರಲಿಲ್ಲ. ನಾನೂ ವಾರದ ನಂತರ ಅವ್ವನಿಗೆ ಹೇಳಿದೆ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, ಮುಂದೇನು ಮಾಡುತ್ತೀ ಎಂದಷ್ಟೇ ಕೇಳಿದಳು.

ಕಿರ್ಲೋಸ್ಕರ್ ಮನೆತನ ನಮ್ಮ ಸೀಮೆಗೆ ಮತ್ತೆ ಬಂದದ್ದು 1941ರಲ್ಲಿ. ಆ ವರ್ಷ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಯಿತು. ತುಂಗಭದ್ರೆಯ ಈಚೆ ನಮ್ಮ ರಾಣೆಬೆನ್ನೂರು ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು, ಆಚೆಯ ಹರಿಹರ ಮೈಸೂರು ಸಂಸ್ಥಾನದಲ್ಲಿತ್ತು. ಅಲ್ಲಿ ತಯಾರಾದ ಲೇತ್ ಯಂತ್ರಗಳು ದೇಶದ ವರ್ಕ್‌ಶಾಪುಗಳಿಗೆ ಹೋದವು. 1946ರಲ್ಲಿ ಪುಣೆಯಲ್ಲಿ ಡೀಸೆಲ್ ಎಂಜಿನ್ ಕಂಪನಿ, ಅದೇ ವರ್ಷ ಬೆಂಗಳೂರಿನಲ್ಲಿ ವಿದ್ಯುತ್ ಮೋಟರುಗಳ ಕಂಪನಿ ಶುರುವಾದವು. ಲಕ್ಷ್ಮಣರಾವ್ ಇದನ್ನೆಲ್ಲ ಕಣ್ಣಾರೆ ಕಂಡು 1956ರ ಸೆಪ್ಟೆಂಬರ್ 26ರಂದು ತೀರಿಕೊಂಡರು. 1969ರಲ್ಲಿ, ಅವರ ಜನ್ಮಶತಮಾನೋತ್ಸವಕ್ಕೆ, ಅಂಚೆ ಇಲಾಖೆ ಅವರ ಚೀಟಿ ಹೊರಡಿಸಿತು.

ಹರಿಹರದ ಆ ಕಾರ್ಖಾನೆ ಮುಚ್ಚಿ ಎರಡು ದಶಕ ದಾಟಿದೆ. ಅದರ ಲೇತ್‌ಗಳು ಮಾತ್ರ ನಿಂತಿಲ್ಲ. ಪದ್ಮಿನಿಯ ಮುಂದಿನ ಚಕ್ರದ ಕಿಂಗ್ ಪಿನ್ ಬುಷ್ ಸವೆದು ಹೋಗಿತ್ತು. ಹೊಸದು ಎಲ್ಲೂ ಸಿಗಲಿಲ್ಲ. ರಾಣೆಬೆನ್ನೂರಿನ ಒಂದು ಲೇತ್ ಅಂಗಡಿಯಲ್ಲಿ ಹಳೆಯ ಬುಷ್‌ನ ಅಳತೆಯ ನಕ್ಷೆ ಕೊಟ್ಟೆ. ಅಲ್ಲಿನ ಮೇಸ್ತ್ರಿ ನಕ್ಷೆಯನ್ನು ಎರಡು ಸಲ ನೋಡಿ, ಗನ್‌ಮೆಟಲ್ ಸರಳು ತಿರುಗಿಸಿ ಅರ್ಧ ದಿನದಲ್ಲಿ ಕಡೆದುಕೊಟ್ಟರು. ಲೇತಿನ ಮೈಮೇಲೆ ಮಾಸಿದ ಅಕ್ಷರದಲ್ಲಿ ಕಿರ್ಲೋಸ್ಕರ್, ಹರಿಹರ ಎಂದಿತ್ತು. ಬುಷ್ ಸರಿಯಾಗಿ ಕೂತಿತು.

ಕೆಲಸ ಹುಡುಕುತ್ತಿರುವ ಗೆಳೆಯರಿಗೆ ಒಂದು ಮಾತು. ಯಾವುದೇ ನೇಮಕಾತಿಗೆ ತಯಾರಿ ಶುರು ಮಾಡುವ ಮೊದಲು ಅಧಿಸೂಚನೆಯಲ್ಲಿರುವ ವೈದ್ಯಕೀಯ ಅರ್ಹತೆಯ ಪುಟ ಓದಿ, ಒಮ್ಮೆ ಕಣ್ಣು ಪರೀಕ್ಷೆ ಮಾಡಿಸಿಕೊಳ್ಳಿ. ಒಂದು ಹುದ್ದೆಗೆ ಆಗದವರು ಎಲ್ಲದಕ್ಕೂ ಆಗದವರಲ್ಲ. 2020ರಲ್ಲಿ ನಿಯಮ ಬದಲಾಗಿ, ಸೌಮ್ಯ ಮತ್ತು ಮಧ್ಯಮ ಪ್ರಮಾಣದ ಬಣ್ಣಗುರುಡು ಇರುವವರಿಗೂ ವಾಹನ ಚಾಲನೆಯ ಲೈಸೆನ್ಸ್ ಕೊಡಬಹುದೆಂದಾಗಿದೆ. ಅದೇ ನಿಯಮದ ಕೆಳಗೆ ನಾನೂ ಲೈಸೆನ್ಸ್ ಪಡೆದಿದ್ದೇನೆ.

ಸದ್ಯ ನಾನು ಯಂತ್ರಭಾಗಗಳ ವಿನ್ಯಾಸ ಮಾಡುವ ಕಂಪನಿಗಳಿಗೆ ಅರ್ಜಿ ಹಾಕುತ್ತಿದ್ದೇನೆ. ಎರಡು ಕಡೆ ಆಗಿಲ್ಲ, ಮೂರನೆಯದರ ಉತ್ತರ ಬಂದಿಲ್ಲ. ಪದ್ಮಿನಿಗೆ ಬ್ರೇಕಿನ ಕೆಲಸ ಬಾಕಿ ಇದೆ, ಆಮೇಲೆ ಫಿಟ್‌ನೆಸ್ ತೋರಿಸಿ ಆರ್‌ಸಿ ನವೀಕರಿಸಬೇಕು. ದೊಡ್ಡಪ್ಪ ಕೊಟ್ಟ ಒಂದು ವರ್ಷದಲ್ಲಿ ಇನ್ನು ಎರಡು ತಿಂಗಳು ಉಳಿದಿದೆ. ಕೋಳಿಗಳಿಗೆ ಬೇರೆ ಗೂಡು ಮಾಡಿಕೊಟ್ಟಿದ್ದೇವೆ.