ಕಾಂಕ್ರೀಟನ್ನು ಮುಚ್ಚಿಡದ ಇಗರ್ಜಿ: ಒಗ್ಯುಸ್ತ್ ಪೆರೆ ಅವರ ಬದುಕು, ಕೆಲಸ



ನಮ್ಮ ಊರುಗಳಲ್ಲಿ ಈಗ ಗುಡಿ, ಮಸೀದಿ, ಇಗರ್ಜಿ ಯಾವುದನ್ನು ಕಟ್ಟಿದರೂ ಹೆಚ್ಚಾಗಿ ಕಾಂಕ್ರೀಟಿನಲ್ಲೇ ಕಟ್ಟುತ್ತೇವೆ. ಕಟ್ಟಿದ ಮೇಲೆ ಅದು ಕಾಂಕ್ರೀಟು ಎಂದು ಯಾರಿಗೂ ಗೊತ್ತಾಗಬಾರದೆಂದು ಗಾರೆ ಮಾಡಿ, ಟೈಲ್ಸ್ ಹಚ್ಚಿ, ಕಲ್ಲಿನ ಬಣ್ಣ ಬಳಿಯುತ್ತೇವೆ. ದೇವರ ಮನೆಗೆ ಸಿಮೆಂಟು ಕಡಿಮೆ ದರ್ಜೆಯ ಸಾಮಾನು ಎಂಬ ಭಾವನೆ ನಮ್ಮಲ್ಲಿ ಹೇಗೋ ಉಳಿದುಬಂದಿದೆ. ನೂರು ವರ್ಷದ ಹಿಂದೆ ಫ್ರಾನ್ಸಿನಲ್ಲಿಯೂ ಇದೇ ಭಾವನೆ ಇತ್ತು. ಅದನ್ನು ಒಪ್ಪದೆ, ಬರಿ ಕಾಂಕ್ರೀಟಿನಲ್ಲೇ ಕಥೋಲಿಕ ಇಗರ್ಜಿ ಕಟ್ಟಿ ತೋರಿಸಿದವರು ಒಗ್ಯುಸ್ತ್ ಪೆರೆ. ಈ ಬಾರಿ ಅವರ ಬದುಕನ್ನೂ ಆ ಇಗರ್ಜಿಯ ಯೋಗ್ಯತೆಯನ್ನೂ ಒಟ್ಟಿಗೇ ನೋಡೋಣ ಎಂದುಕೊಂಡಿದ್ದೇವೆ.

ಪೆರೆ ಫ್ರೆಂಚರಾದರೂ ಹುಟ್ಟಿದ್ದು ಗಡಿಯಾಚೆ, ಬೆಲ್ಜಿಯಂನ ಬ್ರಸೆಲ್ಸ್‌ಗೆ ಹೊಂದಿಕೊಂಡಿರುವ ಇಕ್ಸೆಲ್‌ನಲ್ಲಿ, 1874ರ ಫೆಬ್ರವರಿ 12ರಂದು. ತಂದೆ ಕ್ಲೋದ್ ಮಾರಿ ಪೆರೆ ಕಲ್ಲುಕೆಲಸದವರು. 1871ರ ಪ್ಯಾರಿಸ್ ಕಮ್ಯೂನಿನ ದಂಗೆಯಲ್ಲಿ ಸೇರಿದ್ದರಿಂದ ಅವರು ದೇಶ ಬಿಡಬೇಕಾಯಿತು. ಕ್ಷಮಾದಾನ ದೊರೆತ ಮೇಲೆ ಸಂಸಾರ ಪ್ಯಾರಿಸ್ಸಿಗೆ ಮರಳಿತು, ತಂದೆ ಕಟ್ಟಡದ ಗುತ್ತಿಗೆ ಆರಂಭಿಸಿದರು. ಕಮ್ಯೂನಿನವರಿಗೂ ಪಾದ್ರಿಗಳಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಅಂಥವರ ಮಗ ಇಗರ್ಜಿ ಕಟ್ಟಿ ಹೆಸರಾದದ್ದು ವಿಚಿತ್ರವೇ ಸರಿ.

ಪ್ಯಾರಿಸ್ಸಿನ ಪ್ರಸಿದ್ಧ ಕಲಾಶಾಲೆಯಲ್ಲಿ ಪೆರೆ ವಾಸ್ತುಶಿಲ್ಪ ಓದಿದರು, ಆದರೆ ಡಿಪ್ಲೊಮಾ ಪಡೆಯದೆ ಹೊರಬಂದರು. ಡಿಪ್ಲೊಮಾ ಪಡೆದ ವಾಸ್ತುಶಿಲ್ಪಿ ಗುತ್ತಿಗೆ ನಡೆಸುವಂತಿರಲಿಲ್ಲ, ಮನೆಯ ಕಸುಬನ್ನು ಬಿಡಲು ಅವರು ಸಿದ್ಧರಿರಲಿಲ್ಲ. ತಮ್ಮಂದಿರಾದ ಗುಸ್ತಾವ್ ಮತ್ತು ಕ್ಲೋದ್ ಜೊತೆಗೂಡಿದರು. ನಕ್ಷೆ ಬರೆಯುವವರೂ ಅವರೇ, ಸೆಂಟ್ರಿಂಗ್ ಹೊಡೆಸುವವರೂ ಅವರೇ, ಲೆಕ್ಕ ಒಪ್ಪಿಸುವವರೂ ಅವರೇ. ಮುಂದೆ ಆದದ್ದಕ್ಕೆಲ್ಲ ಇದೇ ಮೂಲವೆಂದು ನಮಗೆ ತೋರುತ್ತದೆ.

1903-04ರಲ್ಲಿ ಪ್ಯಾರಿಸ್ಸಿನ ಫ್ರಾಂಕ್ಲಿನ್ ಬೀದಿಯಲ್ಲಿ ಅವರು ಕಾಂಕ್ರೀಟ್ ಕಂಬ ಮತ್ತು ತೊಲೆಗಳ ಮೇಲೆ ನಿಂತ ಬಹುಮಹಡಿ ಮನೆ ಕಟ್ಟಿದರು. ಆಗಿನ್ನೂ ಅವರಿಗೂ ಪೂರ್ತಿ ಧೈರ್ಯ ಬಂದಿರಲಿಲ್ಲವೇನೋ, ಹೊರಮೈಗೆ ಪಿಂಗಾಣಿಯ ಬಿಲ್ಲೆಗಳನ್ನೂ ಎಲೆಗಳನ್ನೂ ಹೊದಿಸಿದ್ದಾರೆ. 1908-09ರಲ್ಲಿ ಅವರ ಕಚೇರಿಯಲ್ಲಿ ಸ್ವಿಟ್ಜರ್ಲೆಂಡಿನ ಒಬ್ಬ ತರುಣ ಅರೆಕಾಲಿಕ ಕೆಲಸಕ್ಕಿದ್ದ. ಮುಂದೆ ಲ ಕಾರ್ಬೂಸಿಯೆ ಎಂದು ಹೆಸರಾಗಿ ನಮ್ಮ ಚಂಡೀಗಢದ ನಕ್ಷೆ ಬರೆದದ್ದು ಅವನೇ. ಗುರುಶಿಷ್ಯರು ಆಮೇಲೆ ಕಿಟಕಿಯ ವಿಷಯಕ್ಕೆ ಬಹಿರಂಗವಾಗಿ ವಾದ ಮಾಡಿದರು: ಕಿಟಕಿ ನಿಂತಿರಬೇಕು ಎಂದು ಗುರು, ಉದ್ದಕ್ಕೆ ಮಲಗಿರಬೇಕು ಎಂದು ಶಿಷ್ಯ. 1913ರಲ್ಲಿ ತೆರೆದ ಷಾಂಜ್ ಎಲಿಜೆ ನಾಟಕಶಾಲೆಯೂ ಪೆರೆ ಸಹೋದರರದೇ ಕೆಲಸ.

ಇಗರ್ಜಿಯ ಕೆಲಸ ಬಂದದ್ದು ಮೊದಲ ಮಹಾಯುದ್ಧದ ನಂತರ. ಪ್ಯಾರಿಸ್ಸಿನ ಪೂರ್ವಕ್ಕಿರುವ ಲ ರೇನ್ಸಿ ಎಂಬ ಊರು ಬೆಳೆಯುತ್ತಿತ್ತು, ಭಕ್ತರು ಹೆಚ್ಚಿದ್ದರು, ದುಡ್ಡು ಕಡಿಮೆಯಿತ್ತು. 1914ರ ಊರ್ಕ್ ಕಾಳಗದಲ್ಲಿ ಮಡಿದವರ ನೆನಪಿಗೆ ದೊಡ್ಡದೊಂದು ಇಗರ್ಜಿ ಆಗಬೇಕೆಂಬುದು ಅಲ್ಲಿನ ಗುರುಗಳ ಆಸೆ. ಕಲ್ಲಿನಲ್ಲಿ ಕಟ್ಟುವಷ್ಟು ಹಣ ಕೂಡುವ ದಾರಿ ಇರಲಿಲ್ಲ. ಪೆರೆ ಸಹೋದರರು ಕಾಂಕ್ರೀಟಿನಲ್ಲಿ ಕಟ್ಟಲು ಒಪ್ಪಿಕೊಂಡರು. 1922ರ ವಸಂತದಲ್ಲಿ ಹಿಡಿದ ಕೆಲಸ 1923ರ ಜೂನ್ ಹೊತ್ತಿಗೆ ಮುಗಿದು ಪ್ರತಿಷ್ಠೆಯೂ ಆಯಿತು.

ಒಳಗೆ ಹೊಕ್ಕರೆ ಮೊದಲು ಕಾಣುವುದು ಸುಮಾರು 11 ಮೀಟರ್ ಎತ್ತರದ ಕಂಬಗಳ ನಾಲ್ಕು ಸಾಲು. ಬುಡದಲ್ಲಿ 43 ಸೆಂಟಿಮೀಟರ್ ದಪ್ಪ, ಮೇಲಕ್ಕೆ ಹೋದಂತೆ 35ಕ್ಕೆ ಇಳಿಯುತ್ತದೆ. ಅಷ್ಟು ಎತ್ತರಕ್ಕೆ ಅದು ಅಡಿಕೆ ಮರದ ಸೊಂಟದಂತೆ. ಮರದ ಸೆಂಟ್ರಿಂಗ್ ಬಿಟ್ಟ ಗೆರೆಗಳು ಕಂಬದ ಮೈಮೇಲೆ ಹಾಗೇ ಇವೆ, ಗಾರೆ ಮಾಡಿಲ್ಲ. ಮೇಲಿನ ಕಮಾನು ಚಾವಣಿಯ ದಪ್ಪ ಸುಮಾರು 5 ಸೆಂಟಿಮೀಟರ್ ಅಷ್ಟೇ. ನಡುವಿನ ಕಮಾನು ಬಾಗಿಲಿಂದ ಬಲಿಪೀಠದವರೆಗೆ ಉದ್ದಕ್ಕೆ ಹರಿದರೆ ಅಕ್ಕಪಕ್ಕದ ಚಿಕ್ಕ ಕಮಾನುಗಳು ಅಡ್ಡಕ್ಕೆ ತಿರುಗಿವೆ. ನಡುವಿನ ಕಮಾನು ಹೊರಕ್ಕೆ ಒದೆಯುವ ಭಾರವನ್ನು ಇವು ತಡೆದು ಹಿಡಿಯುತ್ತವೆ. ಹೊರಗಿನಿಂದ ಊರುಗೋಲು ಕೊಟ್ಟು ನಿಲ್ಲಿಸುವ ಗಾಥಿಕ್ ಕಾಲದ ಏರ್ಪಾಡು ಇಲ್ಲಿ ಬೇಕಾಗಲಿಲ್ಲ.

ಪೆರೆಯವರ ನಿಜವಾದ ಜಾಣತನ ಇರುವುದು ಅಂಚಿನ ಕಂಬಗಳಲ್ಲಿ. ಅವನ್ನು ಗೋಡೆಯೊಳಗೆ ಹುದುಗಿಸದೆ ಸ್ವಲ್ಪ ಒಳಕ್ಕೆ ತಂದು ಬಿಡಿಯಾಗಿ ನಿಲ್ಲಿಸಿದ್ದಾರೆ. ಚಾವಣಿಯ ಭಾರವೆಲ್ಲ ಕಂಬದ ಮೇಲೆ ಇಳಿದುಬಿಟ್ಟಿತು, ಗೋಡೆಗೆ ಹೊರುವ ಕೆಲಸವೇ ಉಳಿಯಲಿಲ್ಲ. ಹಾಗಾಗಿ ಸುತ್ತಲೂ ಗೋಡೆಯ ಬದಲು ಜಾಲಂಧ್ರ. ಹಳೇಬೀಡು ಬೇಲೂರುಗಳಲ್ಲಿ ಕಲ್ಲಿನಲ್ಲಿ ಕೊರೆದದ್ದನ್ನು ನಾವು ನೋಡಿದ್ದೇವೆ. ಇಲ್ಲಿ ವೃತ್ತ, ಚೌಕ, ತ್ರಿಕೋನ, ಶಿಲುಬೆ ಮುಂತಾದ ಕೆಲವೇ ಅಚ್ಚುಗಳಲ್ಲಿ ಸಿಮೆಂಟು ಎರಕ ಹೊಯ್ದು, ಬಿಲ್ಲೆಗಳನ್ನು ಒಂದರ ಮೇಲೊಂದು ಜೋಡಿಸಿದ್ದಾರೆ. ಸಂದುಗಳಿಗೆ ಬಣ್ಣದ ಗಾಜು. ಮಾತೆ ಮರಿಯಳ ಬದುಕಿನ ಚಿತ್ರಗಳನ್ನು ಮೋರಿಸ್ ದೆನಿ ಬರೆದುಕೊಟ್ಟರು, ಗಾಜಿನ ಕೆಲಸ ಮಾಡಿದವರು ಮಾರ್ಗರಿತ್ ಯುರೆ ಎಂಬ ಕಲಾವಿದೆ. ಯುದ್ಧದ ನೆನಪಿನ ಒಂದು ಕಿಟಕಿಯಲ್ಲಿ ಸೈನಿಕರನ್ನು ರಣರಂಗಕ್ಕೆ ಸಾಗಿಸಿದ ಪ್ಯಾರಿಸ್ಸಿನ ಟ್ಯಾಕ್ಸಿಗಳೂ ಇವೆ!

ಬಡತನ ಈ ಇಗರ್ಜಿಯ ಕೊರತೆಯಾಗಲಿಲ್ಲ, ಅದರ ರೂಪವನ್ನೇ ನಿರ್ಧರಿಸಿತು. ಒಂದೇ ಅಚ್ಚನ್ನು ಮತ್ತೆ ಮತ್ತೆ ಬಳಸಿದ್ದು ಖರ್ಚು ಉಳಿಸಲು, ಆದರೆ ಕಣ್ಣಿಗೆ ಅದು ತಾಳದಂತೆ ಬೀಳುತ್ತದೆ. ತೆಳ್ಳನೆಯ ಕಂಬ ಸಾಮಾನು ಉಳಿಸಿತು, ಜೊತೆಗೆ ಹಿಂದಿನ ಸಾಲಿನಲ್ಲಿ ಕುಳಿತವರಿಗೂ ಬಲಿಪೀಠ ಕಾಣುವಂತಾಯಿತು. ಅಲಂಕಾರಕ್ಕೆಂದೇ ಖರ್ಚು ಮಾಡಿದ್ದು ಗಾಜಿನ ಬಣ್ಣಕ್ಕೆ ಮಾತ್ರ. ಬೂದು ಬಣ್ಣದ ಒರಟು ಕಾಂಕ್ರೀಟು ಪಕ್ಕದಲ್ಲಿರುವುದರಿಂದಲೇ ಆ ಬಣ್ಣ ಅಷ್ಟು ಎದ್ದು ಕಾಣುತ್ತದೆ.

ಹಾಗೆಂದು ಎಲ್ಲವೂ ಚೆನ್ನ ಎನ್ನಲಾರೆವು. ಮುಂಭಾಗದ ಗೋಪುರ ನಮಗೆ ಹಿಡಿಸುವುದಿಲ್ಲ. ಕಂಬಗಳ ಕಟ್ಟುಗಳನ್ನು ಮೆಟ್ಟಿಲಂತೆ ಮೇಲಕ್ಕೆ ಸಣ್ಣಗೊಳಿಸುತ್ತ ಹೋದ ಅದು ಹಳೆಯ ಗಾಥಿಕ್ ಗೋಪುರವನ್ನು ಸಿಮೆಂಟಿನಲ್ಲಿ ನೆನಪಿಸಲು ಹೊರಟಂತಿದೆ. ಒಳಗೆ ಯಾರನ್ನೂ ಅನುಕರಿಸದವರು ಹೊರಗೆ ಯಾಕೆ ಹಿಂಜರಿದರೋ!

ಇನ್ನೊಂದು ದೋಷ ಇದಕ್ಕಿಂತ ದೊಡ್ಡದು. ಕಾಂಕ್ರೀಟನ್ನು ಅಷ್ಟು ತೆಳ್ಳಗೆ ಹೊಯ್ದಾಗ ಒಳಗಿನ ಕಂಬಿಗೆ ಹೊದಿಕೆ ಸಾಲಲಿಲ್ಲ. ಮಳೆ ತೇವ ಒಳಗಿಳಿದು ಕಂಬಿ ತುಕ್ಕು ಹಿಡಿಯಿತು, ತುಕ್ಕು ಉಬ್ಬಿ ಕಾಂಕ್ರೀಟು ಸಿಡಿಯಿತು. ಹಳೆಯ ತಾರಸಿಯಿಂದ ಚಕ್ಕೆ ಬೀಳುವುದನ್ನು ಕಂಡ ಯಾವ ಮೇಸ್ತ್ರಿಗೂ ಈ ಕಾಯಿಲೆ ಗೊತ್ತು. 1966ರಲ್ಲಿ ಫ್ರೆಂಚ್ ಸರ್ಕಾರ ಇದನ್ನು ಚಾರಿತ್ರಿಕ ಸ್ಮಾರಕದ ಪಟ್ಟಿಗೆ ಸೇರಿಸಿತು, ಆಮೇಲೆ ಜಾಲಂಧ್ರಗಳನ್ನೂ ಗಾಜುಗಳನ್ನೂ ದೊಡ್ಡ ಪ್ರಮಾಣದಲ್ಲಿ ದುರಸ್ತಿ ಮಾಡಬೇಕಾಯಿತು. ಕಡಿಮೆ ಖರ್ಚಿನಲ್ಲಿ ಕಟ್ಟಿದ ಇಗರ್ಜಿ ಮುಂದಿನ ಪೀಳಿಗೆಗೆ ಭಾರಿ ಖರ್ಚು ತಂದಿತು. ಇದನ್ನು ಪೆರೆಯವರ ಅಲಕ್ಷ್ಯ ಎನ್ನುವುದು ನ್ಯಾಯವಲ್ಲ. ಕಾಂಕ್ರೀಟು ಐವತ್ತು ವರ್ಷ ಮಳೆಗಾಳಿಯಲ್ಲಿ ನಿಂತರೆ ಏನಾಗುತ್ತದೆ ಎಂಬ ಅನುಭವ ಆಗ ಯಾರಿಗೂ ಅಷ್ಟಾಗಿ ಇರಲಿಲ್ಲ. ಆದರೂ ಗುಣದೋಷ ಹೇಳುವಾಗ ಇದನ್ನು ಬಿಟ್ಟು ಬರಿ ಚೆಲುವನ್ನು ಹೊಗಳಿದರೆ ಅದು ಅರ್ಧ ಮಾತಾಗುತ್ತದೆ.

ಲ ರೇನ್ಸಿಯ ಪ್ರಭಾವ ದೂರದವರೆಗೆ ಹೋಯಿತು. ಜಪಾನಿನಲ್ಲಿ ನೆಲೆಸಿದ್ದ ಆಂಟೊನಿನ್ ರೇಮಂಡ್ 1930ರ ದಶಕದಲ್ಲಿ ಟೋಕಿಯೊದ ಮಹಿಳಾ ಕ್ರೈಸ್ತ ಕಾಲೇಜಿಗೆ ಕಟ್ಟಿದ ಪ್ರಾರ್ಥನಾಲಯ ಬಹುಮಟ್ಟಿಗೆ ಇದರದೇ ಪಡಿಯಚ್ಚು. ಅದೇ ರೇಮಂಡ್ ಪುದುಚೇರಿಗೆ ಬಂದು ಅರವಿಂದಾಶ್ರಮಕ್ಕೆ ಗೋಲ್ಕೊಂಡ ವಸತಿಗೃಹ ಕಟ್ಟಿದರು. ಅಲ್ಲಿಯೂ ಕಾಂಕ್ರೀಟನ್ನು ಮುಚ್ಚಿಟ್ಟಿಲ್ಲ. ಹೊಸೂರು, ತಾಳವಾಡಿಯ ಸದಸ್ಯರು ಆ ಕಡೆ ಹೋದಾಗ ಹೊರಗಿನಿಂದಲಾದರೂ ನೋಡಿ ಬನ್ನಿ.

ಪೆರೆಯವರ ಇಳಿವಯಸ್ಸಿನ ದೊಡ್ಡ ಕೆಲಸ ಲ ಹಾವ್ರ್ ಬಂದರು ಪಟ್ಟಣ. 1944ರ ಸೆಪ್ಟೆಂಬರಿನಲ್ಲಿ ಮಿತ್ರರಾಷ್ಟ್ರಗಳ ಬಾಂಬುಗಳೇ ಊರಿನ ನಡುಭಾಗವನ್ನು ನೆಲಸಮ ಮಾಡಿದವು. ಮರುವರ್ಷ ಊರನ್ನು ಮತ್ತೆ ಕಟ್ಟುವ ಹೊಣೆ 71 ವರ್ಷದ ಪೆರೆಯವರ ಮೇಲೆ ಬಿತ್ತು. 6.24 ಮೀಟರಿನ ಒಂದೇ ಅಳತೆ ಹಿಡಿದು ಬೀದಿ, ಮನೆ, ಅಂಗಡಿಗಳಿಗೆಲ್ಲ ನಕ್ಷೆ ಹಾಕಿದರು. 2005ರಲ್ಲಿ ಯುನೆಸ್ಕೊ ಈ ಪಟ್ಟಣವನ್ನು ವಿಶ್ವ ಪರಂಪರೆಯ ತಾಣವೆಂದು ಸಾರಿತು.

ಅಲ್ಲಿ ಅವರು ಸಂತ ಜೋಸೆಫರ ಇಗರ್ಜಿಗೂ ನಕ್ಷೆ ಹಾಕಿದರು. 1951ರಲ್ಲಿ ಅಡಿಗಲ್ಲು ಬಿತ್ತು. ನಡುವೆ ಬಲಿಪೀಠ, ಸುತ್ತ ಭಕ್ತರು, ಮೇಲೆ 107 ಮೀಟರ್ ಎತ್ತರಕ್ಕೆ ಏರಿದ ಎಂಟು ಮೂಲೆಯ ಗೋಪುರ. ಗಾಜಿನ ಕೆಲಸಕ್ಕೆ ಮತ್ತೆ ಮಾರ್ಗರಿತ್ ಯುರೆ ಬಂದರು, 12,768 ತುಂಡು ಬಣ್ಣದ ಗಾಜು ಕೂಡಿಸಿದರು. ಈ ಸಲ ಚಿತ್ರಗಳಿಲ್ಲ, ಬರಿ ಬಣ್ಣ. 1954ರ ಫೆಬ್ರವರಿ 25ರಂದು, 80 ತುಂಬಿದ ಕೆಲವೇ ದಿನಗಳಲ್ಲಿ, ಪೆರೆ ಪ್ಯಾರಿಸ್ಸಿನಲ್ಲಿ ತೀರಿಕೊಂಡರು. ಉಳಿದ ಕೆಲಸವನ್ನು ಅವರ ಜೊತೆಗಾರರು 1957ರಲ್ಲಿ ಮುಗಿಸಿದರು.

ಎರಡರಲ್ಲಿ ಯಾವುದು ಮೇಲು ಎಂದು ಕೇಳಿದರೆ ನಮ್ಮ ಮತ ಲ ರೇನ್ಸಿಗೆ. ಲ ಹಾವ್ರಿನದು ದೂರದ ಸಮುದ್ರದಿಂದಲೂ ಕಾಣುವ, ಸತ್ತವರ ನೆನಪಿಗೆ ಹಚ್ಚಿಟ್ಟ ದೀಪಸ್ತಂಭ. ಒಳಗೆ ನಿಂತವರ ಕಣ್ಣು ಬಲಿಪೀಠವನ್ನು ಬಿಟ್ಟು ಗೋಪುರದ ತುದಿಗೇ ಹೋಗುತ್ತದೆ. ಲ ರೇನ್ಸಿಯ ನೆಲ ಬಲಿಪೀಠದ ಕಡೆಗೆ ಮೆಲ್ಲಗೆ ಇಳಿಜಾರಾಗಿದೆ, ಕಣ್ಣೂ ಕಾಲೂ ಅತ್ತಲೇ ಸಾಗುತ್ತವೆ.