ಹಿರಿಯ ಕೇಟೋ

ಗದ್ಯಸಾಹಿತ್ಯದ ಹುಟ್ಟನ್ನು ಕುರಿತು ಪಾಠ ಹೇಳುವಾಗ ನಾನು ಒಮ್ಮೊಮ್ಮೆ ರೋಮಿನ ಹಿರಿಯ ಕೇಟೋವಿನ ಹೆಸರನ್ನು ಎತ್ತುವುದುಂಟು. ರೋಮನರೇ ತಮ್ಮ ಚರಿತ್ರೆಯನ್ನು ಗ್ರೀಕ್ ಭಾಷೆಯಲ್ಲಿ ಬರೆಯುತ್ತಿದ್ದ ಕಾಲದಲ್ಲಿ ಅದನ್ನು ಲ್ಯಾಟಿನ್ ಗದ್ಯದಲ್ಲಿ, ತನ್ನ ಜನರ ನುಡಿಯಲ್ಲಿ, ಮೊದಲು ಬರೆದವನು ಆತ. ಕನ್ನಡದ ಅಧ್ಯಾಪಕನಾದ ನನಗೆ ಇಂಥವನಲ್ಲಿ ಅಭಿಮಾನ ಮೂಡಿದುದು ಸಹಜವೇ. ಆದರೆ ಪ್ಲೂಟಾರ್ಕನು ಬರೆದ ಆತನ ಜೀವನವನ್ನು ಪೂರ್ತಿಯಾಗಿ ಓದಿದ ಮೇಲೆ ಆ ಅಭಿಮಾನವು ಮೊದಲಿನಷ್ಟು ನಿರಾತಂಕವಾಗಿ ಉಳಿಯಲಿಲ್ಲ.

ಮಾರ್ಕಸ್ ಪೋರ್ಸಿಯಸ್ ಕೇಟೋ ಹುಟ್ಟಿದ್ದು ಕ್ರಿ. ಪೂ. 234ರಲ್ಲಿ, ರೋಮಿಗೆ ಸಮೀಪದ ಟಸ್ಕ್ಯುಲಮ್ ಎಂಬ ಊರಿನಲ್ಲಿ. ವಂಶದಲ್ಲಿ ಅದುವರೆಗೆ ಯಾರೂ ದೊಡ್ಡ ಪದವಿಗೇರಿದವರಲ್ಲ. ಬೆಳೆದುದು ಸಬೈನರ ಸೀಮೆಯಲ್ಲಿ, ತಂದೆಯ ಹೊಲದಲ್ಲಿ. ಮೂರು ಸಲ ವಿಜಯೋತ್ಸವದ ಗೌರವ ಪಡೆದೂ ತುಂಡು ನೆಲವನ್ನು ತಾನೇ ಉತ್ತು ಬಾಳಿದ ಮೇನಿಯಸ್ ಕ್ಯೂರಿಯಸ್ ಎಂಬ ಹಳೆಯ ದಳಪತಿಯ ಗುಡಿಸಲು ಅಲ್ಲಿಗೆ ಹತ್ತಿರ. ಕೇಟೋ ಆಗಾಗ ಹೋಗಿ ಅದನ್ನು ನೋಡಿಬರುತ್ತಿದ್ದನು. ತನ್ನ ಖರ್ಚನ್ನು ಇನ್ನಷ್ಟು ಕಡಿಮೆಮಾಡಿಕೊಳ್ಳಬೇಕೆಂದು ಸಂಕಲ್ಪಿಸಿ ಮರಳುತ್ತಿದ್ದನು. ಹದಿನೇಳರ ಹರೆಯದಲ್ಲಿ, ಹ್ಯಾನಿಬಾಲನು ಇಟಲಿಯನ್ನು ಸುಡುತ್ತಿದ್ದಾಗ, ಮೊದಲ ದಂಡಯಾತ್ರೆ. ಆಳುಗಳೊಡನೆ ದುಡಿದು ಅವರೊಡನೆಯೇ ಉಣ್ಣುತ್ತಿದ್ದ ಈ ತರುಣನನ್ನು ನೆರೆಯ ಸಿರಿವಂತ ವ್ಯಾಲೇರಿಯಸ್ ಫ್ಲಾಕಸನು ಮೆಚ್ಚಿ ರೋಮಿನ ರಾಜಕಾರಣಕ್ಕೆ ಕರೆತಂದನು.

ಮುಂದಿನ ಏರಿಕೆಯನ್ನು ವಿಸ್ತರಿಸಬೇಕಾಗಿಲ್ಲ. 198ರಲ್ಲಿ ಸಾರ್ಡಿನಿಯದ ಅಧಿಕಾರಿಯಾಗಿ ಬಡ್ಡಿವ್ಯಾಪಾರಿಗಳನ್ನು ಹೊರಗಟ್ಟಿದನು. ಊರೂರಿಗೆ ಕಾಲ್ನಡಿಗೆಯಲ್ಲೇ ತಿರುಗಿದನು. 195ರಲ್ಲಿ ಕಾನ್ಸಲ್ ಆಗಿ ಸ್ಪೇನನ್ನು ಅಡಗಿಸಿದನು. 191ರಲ್ಲಿ ಸಿರಿಯದ ದೊರೆ ಅಂಟಿಯೋಕಸನು ಥರ್ಮಾಪಿಲೆಯ ಕಣಿವೆಯನ್ನು ತಡೆದು ಕುಳಿತಾಗ, ಹಿಂದೆ ಪರ್ಷಿಯನರು ಬಳಸಿದ ಬೆಟ್ಟದ ದಾರಿ ಕೇಟೋವಿನ ನೆನಪಿಗೆ ಬಂತು. ರಾತ್ರಿ ದಂಡಿನೊಡನೆ ಹೊರಟನು. ದಾರಿ ತೋರಿಸಬೇಕಾದ ಸೆರೆಯಾಳೇ ದಾರಿತಪ್ಪಿದನು. ಬೆಳುದಿಂಗಳಿಲ್ಲದ ಕತ್ತಲೆ. ದಂಡನ್ನು ನಿಲ್ಲಿಸಿ, ಬೆಟ್ಟ ಹತ್ತುವುದರಲ್ಲಿ ನುರಿತ ಒಬ್ಬನನ್ನು ಮಾತ್ರ ಜೊತೆಗೆ ಕರೆದುಕೊಂಡು, ತಾನೇ ಬಂಡೆಗಳ ನಡುವೆ ತಡವರಿಸಿ ಹಾದಿ ಹುಡುಕಿದನು. ಮುಂಜಾನೆ ಶತ್ರುಗಳ ಬೆನ್ನ ಮೇಲೆ ಬಿದ್ದನು.

ಆದರೆ ಆತನ ಹೆಸರಿಗೆ ಅಂಟಿಕೊಂಡಿರುವುದು 184ರ ಸೆನ್ಸಾರ್ ಪದವಿ. ಪ್ರಜೆಗಳ ನಡತೆಯನ್ನು ವಿಚಾರಿಸುವ, ಸೆನೆಟಿನಿಂದಲೇ ಸದಸ್ಯರನ್ನು ತೆಗೆದುಹಾಕುವ ಅಧಿಕಾರ ಅದು. ಔತಣದಲ್ಲಿ ತನ್ನ ಪ್ರಿಯನೊಬ್ಬನ ವಿನೋದಕ್ಕಾಗಿ ಮನುಷ್ಯನೊಬ್ಬನನ್ನು ಕೊಲ್ಲಿಸಿದ ಮಾಜಿ ಕಾನ್ಸಲ್ ಲೂಸಿಯಸ್ ಫ್ಲಾಮಿನಿನಸನನ್ನು ಹೊರದೂಡಿದನು. ಇದಕ್ಕೆ ಯಾರು ತಲೆದೂಗರು? ಆದರೆ ಹಾಡುಹಗಲು ಮಗಳೆದುರಿಗೆ ಹೆಂಡತಿಯನ್ನು ಮುದ್ದಿಟ್ಟ ತಪ್ಪಿಗೆ ಇನ್ನೊಬ್ಬನನ್ನೂ ಹೊರಗೆ ಹಾಕಿದನು! ಒಡವೆ, ಬಂಡಿ, ಉಡುಪುಗಳ ಮೇಲೆ ಭಾರಿ ತೆರಿಗೆ ಹೇರಿದನು. ಸಾರ್ವಜನಿಕ ನೀರನ್ನು ಮನೆಗಳಿಗೆ ಕದ್ದೊಯ್ಯುತ್ತಿದ್ದ ಕೊಳವೆಗಳನ್ನು ಕಡಿಸಿದನು. ವೈರಿಗಳು ಆತನನ್ನು 40ಕ್ಕೂ ಹೆಚ್ಚು ಸಲ ನ್ಯಾಯಸ್ಥಾನಕ್ಕೆ ಎಳೆದರೆಂದೂ ಪ್ರತಿ ಸಲವೂ ಗೆದ್ದುಬಂದನೆಂದೂ ಹೇಳುತ್ತಾರೆ.

ಮನೆಯಲ್ಲಿ ಬೇರೆಯೇ ಕೇಟೋ. ಹಸುಗೂಸಿಗೆ ನೀರೆರೆಯುವ ಹೊತ್ತಿಗೆ, ರಾಜಕಾರ್ಯವಿಲ್ಲದಿದ್ದರೆ, ತಪ್ಪದೆ ಹಾಜರಿರುತ್ತಿದ್ದನು. ಓದು ಬಲ್ಲ ಗ್ರೀಕ್ ಗುಲಾಮನಿದ್ದರೂ ಮಗನಿಗೆ ತಾನೇ ಅಕ್ಷರ ಕಲಿಸಿದನು. ದೊಡ್ಡ ದೊಡ್ಡ ಅಕ್ಷರಗಳಲ್ಲಿ ನಾಡಿನ ಚರಿತ್ರೆಯನ್ನು ಕೈಯಾರೆ ಬರೆದುಕೊಟ್ಟನು. ಈ ಚಿತ್ರದ ಮುಂದೆ ನಾನು ಎಷ್ಟೋ ಹೊತ್ತು ನಿಂತಿದ್ದೇನೆ.

ಅದೇ ಕೈ ಬೇಸಾಯದ ಪುಸ್ತಕವನ್ನೂ ಬರೆಯಿತು. ಪೂರ್ಣವಾಗಿ ಉಳಿದುಬಂದಿರುವ ಲ್ಯಾಟಿನ್ ಗದ್ಯಗ್ರಂಥಗಳಲ್ಲಿ ಅದೇ ಅತಿ ಹಳೆಯದು. ಮುದಿಯೆತ್ತು, ಹಳೆಯ ಬಂಡಿ, ಸವೆದ ಸಲಕರಣೆಗಳನ್ನು ಮಾರಿಬಿಡಬೇಕೆಂದು ಹೇಳುವ ಪಟ್ಟಿಯಲ್ಲಿಯೇ ಮುದಿ ಗುಲಾಮನೂ ಕಾಯಿಲೆಯ ಗುಲಾಮನೂ ಸೇರಿದ್ದಾರೆ. ಸ್ಪೇನಿನ ದಂಡಯಾತ್ರೆಯುದ್ದಕ್ಕೂ ತನ್ನನ್ನು ಹೊತ್ತ ಕುದುರೆಯನ್ನು, ಹಡಗಿನ ಖರ್ಚು ಬೊಕ್ಕಸದ ಮೇಲೆ ಬೀಳಬಾರದೆಂದು, ಅಲ್ಲಿಯೇ ಬಿಟ್ಟುಬಂದನು. ಸಮಚಿತ್ತನಾದ ಪ್ಲೂಟಾರ್ಕನಿಗೂ ಇಲ್ಲಿ ಬೇಸರ ಹತ್ತಿಕ್ಕಲಾಗಲಿಲ್ಲ. ತನಗೆ ದುಡಿದ ಮುದಿಯೆತ್ತನ್ನು ಕೂಡ ತಾನು ಮಾರಲಾರೆನೆಂದು ಬರೆದಿದ್ದಾನೆ. ನಾನು ಪ್ಲೂಟಾರ್ಕನ ಪಕ್ಷ.

ಮೊದಲು ಹೇಳಿದ ಚರಿತ್ರೆ ಏಳು ಸಂಪುಟಗಳದು. ಇಂದು ಚೂರುಗಳಷ್ಟೇ ಉಳಿದಿವೆ. ಯುದ್ಧಗಳನ್ನು ವರ್ಣಿಸುವಾಗ ಆತ ಸೇನಾಪತಿಗಳ ಹೆಸರನ್ನೇ ಹೇಳಲಿಲ್ಲ. ಗೆಲವು ಜನದ್ದು, ಮನೆತನದ್ದಲ್ಲ ಎಂಬುದು ಆತನ ಭಾವವಿದ್ದೀತು. ಹೆಸರಿಸಿದ್ದು ಕಾರ್ಥೇಜಿನವರ ಸೈನ್ಯದಲ್ಲಿ ಕೆಚ್ಚಿನಿಂದ ಕಾದಿದ ಸೂರಸ್ ಎಂಬ ಆನೆಯೊಂದನ್ನು!

ಎಂಬತ್ತು ದಾಟಿದ ಮೇಲೆ ರಾಯಭಾರಿಯಾಗಿ ಕಾರ್ಥೇಜಿಗೆ ಹೋದನು. ಸೋತು ಐವತ್ತು ವರ್ಷವಾಗಿದ್ದ ನಗರ ಮತ್ತೆ ಸಿರಿಯಿಂದ ತುಂಬಿತ್ತು. ಅಂದಿನಿಂದ ಸೆನೆಟಿನಲ್ಲಿ ಯಾವ ವಿಷಯ ಬಂದರೂ ಕಾರ್ಥೇಜ್ ಅಳಿಯಬೇಕೆಂದೇ ಮಾತು ಮುಗಿಸತೊಡಗಿದನು. ಶತ್ರುಭಯವಿಲ್ಲದಿದ್ದರೆ ರೋಮ್ ಕೆಟ್ಟೀತೆಂದು ಸಿಪಿಯೋ ನಾಸಿಕನು ಪ್ರತಿ ಸಲವೂ ವಿರುದ್ಧವಾಗಿ ವಾದಿಸಿದನು. ಗೆದ್ದದ್ದು ಮುದುಕನ ಹಟವೇ. 149ರಲ್ಲಿ ಯುದ್ಧ ಹತ್ತಿತು. ಅದೇ ವರ್ಷ ಕೇಟೋ ತೀರಿಕೊಂಡನು.

146ರಲ್ಲಿ ನಗರ ಬಿತ್ತು. ಉಳಿದ ಸುಮಾರು 50,000 ಜನ ಗುಲಾಮರಾದರು. ಅದನ್ನು ಗೆದ್ದ ಸಿಪಿಯೋ ಎಮಿಲಿಯಾನಸನು ಕೇಟೋ ಬಾಳಿನುದ್ದಕ್ಕೂ ದ್ವೇಷಿಸಿದ್ದ ಸಿಪಿಯೋ ಆಫ್ರಿಕಾನಸನ ಮನೆಗೆ ದತ್ತುಹೋದ ಮೊಮ್ಮಗ. ಕೇಟೋವಿನ ಸ್ವಂತ ಸೊಸೆಯ ಒಡಹುಟ್ಟಿದವನೂ ಅಹುದು. ಉರಿಯುವ ನಗರವನ್ನು ನೋಡುತ್ತ ಅವನು ಕಣ್ಣೀರಿಟ್ಟುದನ್ನು ಪಕ್ಕದಲ್ಲಿದ್ದ ಗ್ರೀಕ್ ಚರಿತ್ರಕಾರ ಪಾಲಿಬಿಯಸನು ಬರೆದಿಟ್ಟಿದ್ದಾನೆ.