ಕೆಂಪಗಿದ್ದ ಮಾತ್ರಕ್ಕೆ ಎಗರ್‌ಮನ್ ಅಲ್ಲ

ಹರಾಜಿನ ವೆಬ್‌ಸೈಟುಗಳಲ್ಲಿ ಬೊಹೀಮಿಯಾದ ಹಳೇ ಕೆಂಪು ಗಾಜು ಹುಡುಕಿ ನೋಡಿ. ಮಾಣಿಕ್ಯದ ಬಣ್ಣದ ಲೋಟ, ಹೂಜಿ, ಹೂದಾನಿ. ಮೇಲಿನ ಕೆಂಪನ್ನು ಸಾಣೆ ಹಿಡಿದು ತೆಗೆದು, ಒಳಗಿನ ತಿಳಿಗಾಜಿನಲ್ಲೇ ಮೂಡಿಸಿದ ಜಿಂಕೆ, ದ್ರಾಕ್ಷಿ ಬಳ್ಳಿ. ಮಾರುವವರು ಕೆಳಗೆ ಧೈರ್ಯವಾಗಿ ಎಗರ್‌ಮನ್ ಅಂತ ಬರೆದಿರ್ತಾರೆ. ಸಹಿ ಇರಲ್ಲ, ಮುದ್ರೆ ಇರಲ್ಲ. ಮತ್ತೆ ಹೇಗೆ ಗೊತ್ತಾಯ್ತು? ಗೊತ್ತಾಗಿಲ್ಲ. ಬಣ್ಣ ಕೆಂಪು, ಅಷ್ಟೇ. ಆ ಹೆಸರು ಸೇರಿದರೆ ಬೆಲೆ ಏರುತ್ತೆ.

ಫ್ರೀಡ್ರಿಶ್ ಎಗರ್‌ಮನ್ ಹುಟ್ಟಿದ್ದು 1777ರಲ್ಲಿ, ಆಗ ಹಾಬ್ಸ್‌ಬರ್ಗ್ ದೊರೆಗಳ ಕೈಯಲ್ಲಿದ್ದ ಉತ್ತರ ಬೊಹೀಮಿಯಾದಲ್ಲಿ. ಇಂದಿನ ಚೆಕ್ ಗಣರಾಜ್ಯ ಅದು. ಆತ ಗಾಜಿನ ಮೇಲೆ ಚಿತ್ರ ಬರೆಯುವ ಕಸುಬುದಾರ. ಜರ್ಮನಿಯ ಮೈಸೆನ್‌ನಲ್ಲಿ ಪಿಂಗಾಣಿ ಚಿತ್ರಕಲೆಯ ಗುಟ್ಟನ್ನು ವೇಷ ಮರೆಸಿಕೊಂಡು ಕಲಿತು ಬಂದ ಅನ್ನೋ ಕಥೆ ಇದೆ. ನಿಜವೋ ಸುಳ್ಳೋ, ಮುಂದೆ ಆದದ್ದು ನೋಡಿದ್ರೆ ಈ ಕಥೆ ನೆನಪಿರಬೇಕು.

ಹೈಡಾ ಅನ್ನೋ ಊರಲ್ಲಿ, ಅಂದ್ರೆ ಈಗಿನ ನೋವಿ ಬೋರ್‌ನಲ್ಲಿ, ಆತ ವರ್ಷಗಟ್ಟಲೆ ಪ್ರಯೋಗಕ್ಕೆ ಕೂತ. ಮೊದಲು ಬೆಳ್ಳಿಯಿಂದ ಹಳದಿ ಬಂತು. 1820ರ ದಶಕದ ಕೊನೆಗೆ ಬಣ್ಣಬಣ್ಣದ ಗೆರೆಗಳ ಕಲ್ಲಿನಂತೆ ಕಾಣುವ ಲಿಥಿಯಾಲಿನ್ ಗಾಜು. 1832ರ ಸುಮಾರಿಗೆ ಕೆಂಪು.

ಎಂಜಿನಿಯರಿಂಗ್ ಓದಿದ ನನಗೆ ರೋಮಾಂಚನ ಆಗೋದು ಈ ಕೆಂಪಿನ ಹತ್ತಿರ. ಹಿಂದೆ ಮಾಣಿಕ್ಯದ ಬಣ್ಣ ಬೇಕಂದ್ರೆ ಗಾಜು ಕರಗಿಸುವಾಗಲೇ ಚಿನ್ನ ಬೆರೆಸಬೇಕಿತ್ತು, ಇಲ್ಲಾಂದ್ರೆ ತಿಳಿಗಾಜಿನ ಮೇಲೆ ಕೆಂಪು ಗಾಜಿನ ಪದರ ಹೊದಿಸಬೇಕಿತ್ತು. ಎರಡೂ ದುಬಾರಿ. ಎಗರ್‌ಮನ್ ಮಾಡಿದ್ದು ಬೇರೆ: ತಯಾರಾದ ತಿಳಿಗಾಜಿಗೆ ತಾಮ್ರದ ಸಂಯುಕ್ತದ ಲೇಪ ಹಚ್ಚಿ ಕುಲುಮೆಯಲ್ಲಿ ಸುಡೋದು. ಆಮ್ಲಜನಕ ಕಡಿಮೆ ಇರುವ ಬಿಸಿಯಲ್ಲಿ ತಾಮ್ರ ಮೇಲ್ಮೈಯೊಳಗೆ ಇಳಿದು ತೆಳುವಾಗಿ ಕೆಂಪಾಗುತ್ತೆ. ಪದರ ತೀರಾ ತೆಳು, ಹಾಗಾಗಿ ಕೆತ್ತೋದೂ ಸಲೀಸು. ಶ್ರೀಮಂತರ ಕೆಂಪು ಮಧ್ಯಮವರ್ಗದ ಕಪಾಟಿಗೆ ಬಂತು.

ಗುಟ್ಟು ಆತನ ಕೈಯಲ್ಲಿ ಉಳಿಯಲಿಲ್ಲ. ಸುತ್ತಲಿನ ಕಾರ್ಖಾನೆ, ಮನೆ ಕಮ್ಮಟಗಳೆಲ್ಲ ಅದೇ ಕೆಂಪು ಹಚ್ಚತೊಡಗಿದವು. ಕಳ್ಳತನ ಅಂತ ಬೈಯಬಹುದು. ನನಗೆ ಪೂರ್ತಿ ಬೈಯೋಕೆ ಮನಸ್ಸಾಗಲ್ಲ. ಒಬ್ಬನ ಗುಟ್ಟಾಗಿದ್ದದ್ದು ಇಡೀ ಸೀಮೆಯ ಕಸುಬಾಯ್ತು. ಆದರೆ ವರ್ಷಗಟ್ಟಲೆ ಕುಲುಮೆ ಮುಂದೆ ಕೂತವನ ಹೊಟ್ಟೆಯುರಿಯೂ ಸುಳ್ಳಲ್ಲ. 1864ರಲ್ಲಿ ಆತ ತೀರಿಕೊಳ್ಳುವ ಹೊತ್ತಿಗೆ ಆ ಕೆಂಪು ಬೊಹೀಮಿಯಾದ ಗುರುತೇ ಆಗಿತ್ತು.

ಈಗ ತಮಾಷೆ ನೋಡಿ. ಗುಟ್ಟು ಹೋಯ್ತು, ಹೆಸರು ಉಳೀತು. ಎಷ್ಟರ ಮಟ್ಟಿಗೆ ಅಂದ್ರೆ ಕೂಲಿಗೆ ಕೆತ್ತಿದ ನೂರಾರು ಕೈಗಳ ಕೆಲಸವೂ ಆತನ ಖಾತೆಗೇ ಬೀಳ್ತಿದೆ. ಕೆತ್ತಿದ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ: ಕೆಂಪಿಗೆ ದಪ್ಪ ಕಂಡರೆ ಹೊದಿಸಿದ ಗಾಜು, ದಪ್ಪವೇ ಕಾಣದಿದ್ದರೆ ಲೇಪ. ಇದರಿಂದ ವಿಧಾನ ತಿಳಿಯುತ್ತೆ, ಮಾಡಿದವರು ಯಾರಂತ ತಿಳಿಯಲ್ಲ. ಬೇರೆ ದಾಖಲೆ ಇಲ್ಲದ ಲೋಟದ ಚೀಟಿಯಲ್ಲಿ ಬರೆಯಬಹುದಾದ್ದು ಇಷ್ಟು: ಬೊಹೀಮಿಯಾ, 19ನೇ ಶತಮಾನ, ತಾಮ್ರದ ಲೇಪ, ಕೆತ್ತಿದವರ ಹೆಸರು ಗೊತ್ತಿಲ್ಲ.